ಬದುವಿನ ಮರ, ಹೊಲದ ಗೊಬ್ಬರ

ಕೆ.ಎಂ. ಮುನ್ಷಿಯವರು ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದಾಗ, 1950ರಲ್ಲಿ, ವನಮಹೋತ್ಸವ ಶುರುಮಾಡಿದರು. ಅಂದಿನಿಂದ ಪ್ರತಿ ಜುಲೈನಲ್ಲೂ ಗುಂಡಿ ತೋಡಿ ಸಸಿ ನೆಡುತ್ತ ಬಂದಿದ್ದೇವೆ. ಹವಾಮಾನ ಬದಲಾವಣೆಯ ಆತಂಕ ಹೆಚ್ಚಿದ ಮೇಲೆ ಈ ಕೆಲಸಕ್ಕೆ ಇನ್ನಷ್ಟು ಜನ ಕೈಜೋಡಿಸಿದ್ದಾರೆ. ಶಾಲೆ, ಮಠ, ಯುವಕ ಸಂಘ, ಕಂಪನಿ ಎಲ್ಲರೂ ಈಗ ಲಕ್ಷಗಳ ಲೆಕ್ಕದಲ್ಲೇ ಸಸಿಗಳ ಮಾತಾಡುತ್ತಾರೆ. ಸಾವಯವ ಕೃಷಿಯ ಚಳವಳಿಯೂ ಇದರ ಪಕ್ಕದಲ್ಲೇ ಬೆಳೆದಿದೆ. ಕರ್ನಾಟಕ 2004ರಲ್ಲಿಯೇ ಸಾವಯವ ಕೃಷಿ ನೀತಿ ತಂದಿತು. 2016ರಲ್ಲಿ ಸಿಕ್ಕಿಂ ಪೂರ್ಣ ಸಾವಯವ ರಾಜ್ಯವೆಂದು ಘೋಷಣೆಯಾಯಿತು, ಅದೇ ವರ್ಷ ಆಂಧ್ರಪ್ರದೇಶ ನೈಸರ್ಗಿಕ ಕೃಷಿಯನ್ನು ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಹಳ್ಳಿಗಳಿಗೆ ಒಯ್ಯಲು ಹೊರಟಿತು. ಗಿಡ ನೆಡುವುದು, ಸಾವಯವ ಕೃಷಿ ಎರಡೂ ಭೂಮಿಯ ಬಿಸಿ ತಗ್ಗಿಸುವ ದಾರಿಗಳೆಂದು ಹೇಳುತ್ತೇವೆ. ಆದರೂ ಗಿಡ ಅರಣ್ಯ ಇಲಾಖೆಗೆ ಸೇರಿದ್ದು, ಗೊಬ್ಬರ ಕೃಷಿ ಇಲಾಖೆಗೆ ಸೇರಿದ್ದು ಎಂಬ ಹಂಚಿಕೆ ಮಾತ್ರ ಹಾಗೇ ಉಳಿದಿದೆ. ಈ ಹಂಚಿಕೆಯೇ ಎರಡನ್ನೂ ಸೋಲಿಸುತ್ತಿದೆ ಎಂಬುದು ನನ್ನ ವಾದ. ಯಾರ ಬದುಕಿಗೂ ಬೇಡವಾದ ಗಿಡ ಉಳಿಯುವುದಿಲ್ಲ. ಮರಗಳಿಲ್ಲದ ಊರಿನಲ್ಲಿ ಸಾವಯವ ಕೃಷಿಗೆ ಸಾಕಾಗುವಷ್ಟು ಗೊಬ್ಬರ ಹುಟ್ಟುವುದಿಲ್ಲ. ಹೊಲಕ್ಕೆ ಸೊಪ್ಪು ಕೊಡುವ ಮರ ಮತ್ತು ಆ ಸೊಪ್ಪನ್ನು ನಂಬಿದ ಹೊಲ, ಇವೆರಡನ್ನೂ ಒಂದೇ ಕೆಲಸವೆಂದು ಕಂಡಾಗ ಮಾತ್ರ ಹವಾಮಾನದ ಲೆಕ್ಕದಲ್ಲಿ ನಮ್ಮ ಶ್ರಮಕ್ಕೆ ಬೆಲೆ ಬರುತ್ತದೆ.

ಮೊದಲು ಗಿಡ ನೆಡುವ ಕೆಲಸದ ಫಲಿತಾಂಶ ನೋಡೋಣ. ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯಲ್ಲಿ ಹಲವು ದಶಕಗಳ ಕಾಲ ಸರ್ಕಾರ ನೆಡಿಸಿದ ನೆಡುತೋಪುಗಳನ್ನು ಉಪಗ್ರಹ ಚಿತ್ರಗಳ ಮೂಲಕವೂ ಅಲ್ಲಿನ ಕುಟುಂಬಗಳ ಸಮೀಕ್ಷೆಯ ಮೂಲಕವೂ ಪರಿಶೀಲಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅದರ ತೀರ್ಮಾನ ಕಹಿಯಾದದ್ದು: ಅಷ್ಟು ವರ್ಷ ನೆಟ್ಟರೂ ಕಾಡಿನ ಹಸಿರು ಹೊದಿಕೆ ಹೆಚ್ಚಿದ್ದಕ್ಕೆ ಗುರುತೇ ಇಲ್ಲವೆನ್ನುವಷ್ಟು ಕಡಿಮೆ ಪರಿಣಾಮ. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಜನ ಸೌದೆಗೆ, ಮೇವಿಗೆ ನೆಚ್ಚಿಕೊಂಡಿದ್ದ ಅಗಲ ಎಲೆಯ ಮರಗಳ ಪಾಲು ಕುಗ್ಗಿ, ಅವರಿಗೆ ಅಷ್ಟಾಗಿ ಬೇಡದ ಜಾತಿಗಳು ಹೆಚ್ಚಿದ್ದವು. ಇದನ್ನು ಯಾರದೋ ಅಪ್ರಾಮಾಣಿಕತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಕಾರಣ ಕೆಲಸದ ಸ್ವರೂಪದಲ್ಲೇ ಇದೆ. ನೆಡುವುದು ಒಂದು ದಿನದ ಕೆಲಸ, ಉಳಿಸುವುದು ಮೂರು ಬೇಸಿಗೆಗಳ ಕೆಲಸ. ಬಯಲುಸೀಮೆಯಲ್ಲಿ ಜುಲೈನಲ್ಲಿ ನೆಟ್ಟ ಸಸಿಗೆ ಅಕ್ಟೋಬರಿನವರೆಗೆ ಮಳೆಯೇ ನೀರು. ಮಾಘ ಕಳೆಯುವ ಹೊತ್ತಿಗೆ ಮಣ್ಣು ಗಾರೆಯಾಗುತ್ತದೆ, ಸುತ್ತಲಿನ ಹುಲ್ಲು ಒಣಗಿ ಮೇಕೆಗೆ ಕಾಣುವ ಹಸಿರೆಂದರೆ ಆ ಸಸಿ ಒಂದೇ. ಆ ಹೊತ್ತಿನಲ್ಲಿ ಒಂದು ಕೊಡ ನೀರು ಹೊತ್ತು ತರುವವರು, ಸುತ್ತ ಜಾಲಿಮುಳ್ಳು ಕಟ್ಟುವವರು ಇದ್ದಾರೋ ಇಲ್ಲವೋ ಎಂಬುದರ ಮೇಲೆ ಗಿಡದ ಹಣೆಬರಹ ನಿಂತಿದೆ. ಹುಲಿಕಲ್‌ನಿಂದ ಕುದೂರಿನ ರಸ್ತೆಗೆ ಆಲದ ಸಾಲು ಬೆಳೆಸಿದ ಸಾಲುಮರದ ತಿಮ್ಮಕ್ಕ ದಂಪತಿಯನ್ನು ನಾವು ನೆಟ್ಟವರೆಂದು ಹಾಡಿ ಹೊಗಳುತ್ತೇವೆ. ಅವರ ಸಾಧನೆ ಇದ್ದದ್ದು ನೀರು ಹೊರುವುದರಲ್ಲಿ, ಮುಳ್ಳು ಕಟ್ಟುವುದರಲ್ಲಿ, ವರ್ಷಕ್ಕೆ ತಮ್ಮ ಕೈಯಲ್ಲಾಗುವಷ್ಟೇ ಗಿಡ ನೆಡುವುದರಲ್ಲಿ.

ಉಳಿದ ಮರವೆಲ್ಲ ಒಳ್ಳೆಯ ಮರ ಎಂದೂ ಹೇಳಲಾಗದು. ಕರ್ನಾಟಕಕ್ಕೆ ಈ ಪಾಠ ದೇಶದ ಉಳಿದ ಭಾಗಗಳಿಗಿಂತ ಮೊದಲೇ ಸಿಕ್ಕಿತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ನಡೆದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ನೆಟ್ಟದ್ದು ಬಹುಪಾಲು ನೀಲಗಿರಿ. ಅದು ಉಳಿಯಿತು, ದನ, ಮೇಕೆ ಮುಟ್ಟದ ಗಿಡ ಉಳಿಯದೆ ಏನಾದೀತು? ಕೋಲಾರದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳೇ ನೀಲಗಿರಿ ತೋಪುಗಳಾದವು. ರಾಗಿಯ ಜೊತೆ ಹುಲ್ಲೂ ಹೋಯಿತು, ಹುಲ್ಲಿನ ಹಿಂದೆ ದನ ಹೋದವು, ದನದ ಹಿಂದೆ ತಿಪ್ಪೆ ಹೋಯಿತು, ಹೊಲದ ಕೂಲಿಯೂ ಹೋಯಿತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತರು. ಮರುವರ್ಷ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿ, ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ಮರ ಬೆಳೆಸಲು ಹೊರಟಾಗ ಪ್ರಶ್ನೆ ಇನ್ನೂ ನಿಚ್ಚಳವಾಯಿತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಮುಂದಾಳ್ತನದಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು, ಸೌದೆ ಕೊಡುವ ಗಿಡ ಹಚ್ಚಿದರು. ಕೊನೆಗೆ 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಮರ ಬೇಡವೆಂದು ನಡೆದ ಹೋರಾಟ ಅದಲ್ಲ. ಯಾವ ಮರ, ಯಾರ ನೆಲದಲ್ಲಿ, ಯಾರಿಗಾಗಿ ಎಂದು ಊರಿನವರು ಕೇಳಿದ ಪ್ರಶ್ನೆ ಅದು. ಇಂದು ಇಂಗಾಲದ ಹೆಸರಿನಲ್ಲಿ ಗೋಮಾಳಗಳತ್ತ ಕಣ್ಣು ಹಾಯಿಸುವ ಪ್ರತಿಯೊಬ್ಬರೂ ಈ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು.

ಉತ್ತರದ ಒಂದು ತುಂಡು ಪಶ್ಚಿಮ ಆಫ್ರಿಕದ ನೈಜರ್ ದೇಶದಲ್ಲಿದೆ. ಅಲ್ಲಿ ವಸಾಹತು ಕಾಲದ ಕಾಯಿದೆಯ ಪ್ರಕಾರ ಮರವೆಲ್ಲ ಸರ್ಕಾರದ್ದಾಗಿತ್ತು, ಹಾಗಾಗಿ ಹೊಲದಲ್ಲಿ ತಾನಾಗಿ ಚಿಗುರುವ ಮರವನ್ನು ರೈತರು ಎಳೆಯದಾಗಿದ್ದಾಗಲೇ ಕಡಿದು ಹಾಕುತ್ತಿದ್ದರು. 1980ರ ದಶಕದ ನಡುವಿನಿಂದ ಆ ಬಿಗಿ ಸಡಿಲವಾಯಿತು. ಮರದ ಮೇಲೆ ತಮಗೆ ಹಕ್ಕಿದೆ ಎಂಬ ನಂಬಿಕೆ ಬಂದದ್ದೇ, ಮರಾದಿ ಮತ್ತು ಜಿಂದರ್ ಪ್ರಾಂತ್ಯಗಳ ರೈತರು ಹಳೆಯ ಬೊಡ್ಡೆಗಳಿಂದ ಬರುವ ಚಿಗುರುಗಳಲ್ಲಿ ಒಂದೆರಡನ್ನು ಉಳಿಸಿ ಉಳಿದದ್ದನ್ನು ಸವರುವ ಪದ್ಧತಿ ಹಿಡಿದರು. ಸಸಿ ಇಲ್ಲ, ನರ್ಸರಿ ಇಲ್ಲ, ನೀರು ಹೊರುವ ಪ್ರಮೇಯವೂ ಇಲ್ಲ. ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ 20 ಕೋಟಿ ಮರಗಳು ಹೀಗೆ ಎದ್ದು ನಿಂತವು ಎಂಬುದು ಸಂಶೋಧಕರ ಅಂದಾಜು. ಈ ವಿಧಾನವನ್ನು ಹರಡಲು ದುಡಿದ ಟೋನಿ ರಿನಾಡೊ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನಮ್ಮಲ್ಲೂ ಇದಕ್ಕೆ ಸರಿಸಾಟಿಯಾದ ಅನುಭವವಿದೆ. ಟಿಪ್ಪುವಿನ ಕಾಲದಿಂದಲೂ ಗಂಧದ ಮರ ಅರಸೊತ್ತಿಗೆಯ ಸ್ವತ್ತಾಗಿತ್ತು. ಹಿತ್ತಲಲ್ಲಿ ಹುಟ್ಟಿದರೂ ಮನೆಯವರದಾಗಿರಲಿಲ್ಲ. ಮರವೆಂದರೆ ಇಲಾಖೆಯ ಕಾಟ ಎಂದು ಕಂಡ ರೈತ ಗಂಧದ ಸಸಿ ಕಂಡಲ್ಲೇ ಚಿವುಟಿದರೆ ಅವನನ್ನು ದೂರಲಾಗದು. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು ಬೆಳೆದವನೇ ಒಡೆಯ ಎಂದ ಮೇಲೆ ತೋಟಗಳಲ್ಲಿ ಗಂಧ ಕಾಣಿಸಿಕೊಂಡಿತು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ತರ್ಕವೂ ಇದೇ ಜಾಡಿನದು. 2011ರಲ್ಲಿ ಶುರುವಾದ ಈ ಯೋಜನೆಯಲ್ಲಿ ರೈತನಿಗೆ ಹಣ ಸಿಗುವುದು ನೆಟ್ಟ ಗಿಡಕ್ಕಲ್ಲ, ಉಳಿದ ಗಿಡಕ್ಕೆ; ಅದೂ ಒಟ್ಟಿಗೆ ಅಲ್ಲ, ಮೂರು ವರ್ಷ ಎಣಿಸಿ ಕಂತು ಕಂತಾಗಿ. ಮೊತ್ತ ದೊಡ್ಡದಲ್ಲ. ಆದರೆ ಎಣಿಕೆಯ ದಿನವನ್ನು ಜುಲೈನಿಂದ ಮೂರನೇ ಬೇಸಿಗೆಯ ಆಚೆಗೆ ದೂಡಿದ ಈ ಸಣ್ಣ ಬದಲಾವಣೆಯನ್ನು ನಾನು ನಮ್ಮ ಅರಣ್ಯ ಇಲಾಖೆಯ ಅತ್ಯಂತ ವಿವೇಕದ ಹೆಜ್ಜೆಗಳಲ್ಲಿ ಒಂದೆಂದು ಎಣಿಸುತ್ತೇನೆ.

ಇನ್ನು ಗೊಬ್ಬರದ ಕಡೆ ಬರೋಣ. ಸಾವಯವ ಕೃಷಿ ಹವಾಮಾನಕ್ಕೆ ಹೇಗೆ ಒಳ್ಳೆಯದು ಎಂಬುದಕ್ಕೆ ಎರಡು ಗಟ್ಟಿ ಕಾರಣಗಳಿವೆ. ಯೂರಿಯಾ ತಯಾರಿಕೆಗೆ ನೈಸರ್ಗಿಕ ಅನಿಲ ಸುಡಬೇಕು. ಹೊಲಕ್ಕೆ ಹಾಕಿದ ಸಾರಜನಕದಲ್ಲಿ ಬೆಳೆ ಹೀರದೆ ಬಿಟ್ಟದ್ದರ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ, ನೂರು ವರ್ಷದ ಲೆಕ್ಕದಲ್ಲಿ ಅದರ ಬಿಸಿ ಹಿಡಿಯುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 273 ಪಟ್ಟು. ಎರಡನೆಯದು ಮಣ್ಣಿನೊಳಗಿನ ಸಾವಯವ ಇಂಗಾಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೆಂಪು ಮಣ್ಣಿನಲ್ಲಿ ಮಳೆಯಾಶ್ರಿತ ರಾಗಿಯ ಮೇಲೆ 1978ರಲ್ಲಿ ಶುರುವಾದ ದೀರ್ಘಾವಧಿ ಪ್ರಯೋಗವೊಂದಿದೆ. ಏನನ್ನೂ ಹಾಕದ ತಾಕಿನಲ್ಲಿ ಇಳುವರಿಯೂ ಮಣ್ಣಿನ ಇಂಗಾಲವೂ ಸೋರಿಹೋದವು. ರಾಸಾಯನಿಕ ಗೊಬ್ಬರ ಮಾತ್ರ ಹಾಕಿದಲ್ಲಿ ಮೊದಲು ಚೆನ್ನಾಗಿ ಬಂದ ಬೆಳೆ ವರ್ಷಗಳು ಉರುಳಿದಂತೆ ಇಳಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಶಿಫಾರಸಿನ ರಾಸಾಯನಿಕ ಗೊಬ್ಬರ ಹಾಕಿದ ತಾಕು ಎಲ್ಲಕ್ಕಿಂತ ಹೆಚ್ಚಿನ ಇಳುವರಿಯನ್ನು ಎಡೆಬಿಡದೆ ಕೊಟ್ಟಿತು. ಕಟ್ಟಾ ಸಾವಯವವಾದಿಗಳಿಗೆ ಈ ಫಲಿತಾಂಶ ಹಿತವಾಗದಿರಬಹುದು, ರಾಸಾಯನಿಕದ ಪರ ವಾದಿಸುವವರಿಗೂ ಆಗುವುದಿಲ್ಲ. ನನಗೆ ಕಾಣುವುದು ಇಷ್ಟು: ಹೊಲದ ಬಾಳಿಕೆ ನಿಂತಿರುವುದು ಮಣ್ಣಿಗೆ ಮರಳುವ ಸೊಪ್ಪು ಸಗಣಿಯ ಮೇಲೆ, ಪ್ರಮಾಣಪತ್ರದ ಮೇಲಲ್ಲ. ಅದಿದ್ದರೆ ಯೂರಿಯಾ ಚೀಲಗಳನ್ನು ವರ್ಷ ವರ್ಷ ಕಡಿಮೆ ಮಾಡುತ್ತ ಹೋಗಬಹುದು. ಅದಿಲ್ಲದೆ ಚೀಲ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಶ್ರೀಲಂಕಾ ತೋರಿಸಿತು. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿತು. ಬದಲಿ ಗೊಬ್ಬರ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಭತ್ತ, ಚಹಾ ಎರಡೂ ನೆಲಕಚ್ಚಿದವು, ವರ್ಷ ಮುಗಿಯುವ ಮೊದಲೇ ನಿಷೇಧ ಹಿಂದೆಗೆಯಬೇಕಾಯಿತು.

ಎಲ್ಲಿಂದ ಬರಬೇಕು ಹೆಕ್ಟೇರಿಗೆ ಆ 10 ಟನ್ ಕೊಟ್ಟಿಗೆ ಗೊಬ್ಬರ? ಸಾವಯವ ಕೃಷಿಯ ಭಾಷಣಗಳು ಬಹುಮಟ್ಟಿಗೆ ಈ ಪ್ರಶ್ನೆಯನ್ನು ದಾಟಿಕೊಂಡು ಹೋಗುತ್ತವೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ಹೋದವು. ಸಣ್ಣ ಹಿಡುವಳಿಯ ಮನೆಯಲ್ಲಿ ಈಗ ಒಂದೆರಡು ಸೀಮೆಹಸು ಇದ್ದರೆ ಹೆಚ್ಚು. ದನ ಹೆಚ್ಚಿಸಿ ಎನ್ನುವುದೂ ಹವಾಮಾನದ ದೃಷ್ಟಿಯಿಂದ ನಿರಪಾಯದ ಸಲಹೆಯಲ್ಲ. ಭಾರತದ ಕೃಷಿಯಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಮೀಥೇನ್. ಹಾಗಾದರೆ ಉಳಿದ ದಾರಿ ಮರ. ಮಲೆನಾಡಿನ ಅಡಿಕೆ ತೋಟಿಗರು ಇದನ್ನು ತಲೆಮಾರುಗಳಿಂದ ಬಲ್ಲರು. ಉತ್ತರ ಕನ್ನಡದಲ್ಲಿ ತೋಟದ ವಿಸ್ತೀರ್ಣಕ್ಕೆ ತಕ್ಕಂತೆ ಅದರ ಹಲವು ಪಟ್ಟು ಸೊಪ್ಪಿನಬೆಟ್ಟವನ್ನು ತೋಟದವರ ಬಳಕೆಗೆ ಬಿಟ್ಟದ್ದು ಬ್ರಿಟಿಷರ ಕಾಲದಿಂದ ಬಂದ ಏರ್ಪಾಡು. ಬೆಟ್ಟದಿಂದ ಹಸಿಸೊಪ್ಪು, ಬೇಸಿಗೆಯಲ್ಲಿ ದರಗು ಕೊಟ್ಟಿಗೆಗೆ ಬರುತ್ತದೆ, ದನದ ಕಾಲ್ತುಳಿತಕ್ಕೆ ಸಿಕ್ಕಿ ಸಗಣಿ ಗಂಜಲದೊಂದಿಗೆ ಬೆರೆಯುತ್ತದೆ, ಗೊಬ್ಬರಗುಂಡಿಯಲ್ಲಿ ಕಳಿತು ತೋಟಕ್ಕೆ ಹೋಗುತ್ತದೆ. ಕಾಡು, ಕೊಟ್ಟಿಗೆ, ತೋಟ ಮೂರೂ ಒಂದೇ ಲೆಕ್ಕಪುಸ್ತಕದಲ್ಲಿದ್ದ ವ್ಯವಸ್ಥೆ ಅದು. ಅದನ್ನು ಆದರ್ಶವೆಂದು ತಲೆಮೇಲೆ ಹೊರಬೇಕಿಲ್ಲ. ಪುನಃ ಪುನಃ ಸವರಿ ಬೋಳಾದ ಬೆಟ್ಟಗಳೂ ಇವೆ, ತೋಟವಿದ್ದವರಿಗೆ ಬೆಟ್ಟ, ಇಲ್ಲದವರಿಗೆ ಏನೂ ಇಲ್ಲ ಎಂಬ ಅನ್ಯಾಯವೂ ಅದರೊಳಗಿತ್ತು. ಆದರೆ ಗೊಬ್ಬರಕ್ಕೆ ಕಾಡು ಬೇಕು, ಅದೂ ತೋಟಕ್ಕಿಂತ ದೊಡ್ಡದಾದ ಕಾಡು ಎಂಬ ತಿಳಿವಳಿಕೆ ಅದರಲ್ಲಿತ್ತು.

ಬಯಲುಸೀಮೆಗೆ ಸೊಪ್ಪಿನಬೆಟ್ಟವಿಲ್ಲ, ಬದುಗಳಿವೆ. ಬದುವಿನ ಮೇಲೆ ಹೊಂಗೆ, ಬೇವು, ಹುಣಸೆ, ಹಲಸು ಇಟ್ಟುಕೊಳ್ಳುವುದು ಹಳೆಯ ರೂಢಿ. ಹೊಂಗೆ ದ್ವಿದಳ ಜಾತಿಯದು, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ, ಸೊಪ್ಪು ಗದ್ದೆಗೆ, ಹಿಂಡಿ ಹೊಲಕ್ಕೆ. ಇದಕ್ಕಿಂತ ಬೇಗ ಕೈಗೆ ಬರುವುದು ಗ್ಲಿರಿಸಿಡಿಯಾ, ರೈತರು ಗೊಬ್ಬರದ ಗಿಡ ಎನ್ನುತ್ತಾರೆ. ಮುಂಗಾರು ಹಿಡಿದ ಮೇಲೆ ಬದುವಿನುದ್ದಕ್ಕೂ ಒಂದೂವರೆ ಅಡಿಗೊಂದರಂತೆ ಕಡ್ಡಿ ಊರಿದರೆ ಅಥವಾ ಬೀಜದ ಸಸಿ ನೆಟ್ಟರೆ ಮುಂದೆ ಅದಕ್ಕೆ ಹೆಚ್ಚಿನ ಆರೈಕೆ ಬೇಡ. ನೆಲೆಗೊಂಡ ಮೇಲೆ ಸೊಂಟದೆತ್ತರಕ್ಕೆ ಸವರಿದಷ್ಟೂ ಚಿಗುರುತ್ತದೆ. ಬಿತ್ತನೆಗೆ ಮೊದಲು ಒಮ್ಮೆ, ಬೆಳೆ ನಿಂತಾಗ ಮತ್ತೊಮ್ಮೆ ಕುಡುಗೋಲಿನಿಂದ ಸವರಿ ಸಾಲುಗಳ ನಡುವೆ ಹರಡಿದರೆ ಎಲೆ ಒಂದೆರಡು ದಿನಕ್ಕೇ ಕಡ್ಡಿಯಿಂದ ಉದುರಿ, ಮಳೆಯಲ್ಲಿ ಬೇಗ ಕೊಳೆಯುತ್ತದೆ. ಉಳಿದ ಕಡ್ಡಿ ಒಲೆಗೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಅನುಭವದಂತೆ ಬದುಗಳ ಮೇಲಿನ ಈ ಸಾಲಿನಿಂದ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 30 ಕಿಲೋ ಸಾರಜನಕ ಸಿಗುತ್ತದೆ. ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು 50 ಕಿಲೋ. ಅಂದರೆ ಬೆಳೆಯ ಜಾಗ ಕದಿಯದೆ, ಬದುವಿನಿಂದಲೇ ಅರ್ಧಕ್ಕಿಂತ ಹೆಚ್ಚು ಸಾರಜನಕ ಬಂತು. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಇದ್ದರೆ ಇನ್ನಷ್ಟು. ಕೊಳೆಯುವ ಸೊಪ್ಪಿನಿಂದಲೂ ಸ್ವಲ್ಪ ನೈಟ್ರಸ್ ಆಕ್ಸೈಡ್ ಹೊರಡುತ್ತದೆ ಎಂಬುದು ನಿಜ. ಆದರೆ ಅದನ್ನು ತಯಾರಿಸಲು ಕಾರ್ಖಾನೆ ಉರಿಯಲಿಲ್ಲ, ಸಾಗಿಸಲು ಲಾರಿ ಓಡಲಿಲ್ಲ, ಜೊತೆಗೆ ಮಣ್ಣಿಗೆ ಇಂಗಾಲವೂ ಸೇರಿತು.

ಇಲ್ಲಿಯ ಕೊರತೆಯನ್ನೂ ಹೇಳಬೇಕು. ಸಾರಜನಕವನ್ನು ಮರ ಗಾಳಿಯಿಂದ ತರಬಲ್ಲುದು, ರಂಜಕವನ್ನು ತರಲಾರದು. ಆಳದ ಬೇರು ಕೆಳಮಣ್ಣಿನ ರಂಜಕವನ್ನು ಮೇಲಕ್ಕೆ ಎತ್ತಿಕೊಡುತ್ತದೆ, ಆದರೆ ಪ್ರತಿ ಮೂಟೆ ರಾಗಿಯೊಂದಿಗೆ ಒಂದಿಷ್ಟು ರಂಜಕ ಊರು ಬಿಟ್ಟು ಪೇಟೆಗೆ ಹೋಗುತ್ತಲೇ ಇರುತ್ತದೆ. ಕೆರೆಗೋಡು ಹೊಡೆಸುವ ಹಳೆಯ ಕ್ರಮ ಕೊಚ್ಚಿಹೋದದ್ದರಲ್ಲಿ ಒಂದಷ್ಟನ್ನು ಮರಳಿ ತರುತ್ತಿತ್ತು. ಅದು ಸಾಲದಿದ್ದಲ್ಲಿ ಹೊರಗಿನಿಂದ ರಂಜಕ ಹಾಕುವುದನ್ನು ಪಾಪವೆಂದು ಭಾವಿಸಬೇಕಾಗಿಲ್ಲ.

ಸಾವಯವಕ್ಕೆ ತಿರುಗಿದರೆ ಇಳುವರಿ ಇಳಿದು, ಕೊರತೆ ತುಂಬಲು ಬೇರೆಲ್ಲೋ ಕಾಡು ಕಡಿದು ಹೊಲ ಮಾಡಬೇಕಾಗುತ್ತದೆ ಎಂಬ ಆಕ್ಷೇಪ ಹವಾಮಾನದ ಚರ್ಚೆಯಲ್ಲಿ ಬಲವಾದದ್ದು. 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ವ್ಯಾಪಕ ಸಮೀಕ್ಷೆಯ ಪ್ರಕಾರ ಸಾವಯವ ಇಳುವರಿ ಒಟ್ಟಾರೆ ಸುಮಾರು ಶೇ. 25ರಷ್ಟು ಕಡಿಮೆ. ಆದರೆ ಆ ಸಮೀಕ್ಷೆಯ ಸ್ವಾರಸ್ಯ ಸರಾಸರಿಯಲ್ಲಿಲ್ಲ, ವಿವರಗಳಲ್ಲಿದೆ. ಮಳೆಯಾಶ್ರಿತ ದ್ವಿದಳ ಧಾನ್ಯ ಮತ್ತು ಬಹುವಾರ್ಷಿಕ ಬೆಳೆಗಳಲ್ಲಿ ಅಂತರ ಶೇ. 5 ಮಾತ್ರ, ಎರಡೂ ಪದ್ಧತಿಗಳನ್ನು ಸರಿಸಮನಾಗಿ ಹೋಲಿಸಿದಲ್ಲಿ ಶೇ. 34. ನೀರಾವರಿಯ ಭತ್ತಕ್ಕೂ ಕಬ್ಬಿಗೂ ಸಾವಯವ ಒಂದೇ ಮಂತ್ರ ಎನ್ನುವುದು ತಪ್ಪು. ರಾಜಸ್ಥಾನ ಬಿಟ್ಟರೆ ಅತಿ ಹೆಚ್ಚು ಒಣಭೂಮಿ ಇರುವ ನಮ್ಮ ರಾಜ್ಯದಲ್ಲಿ ರಾಗಿ, ತೊಗರಿ, ಅವರೆ, ಹುರುಳಿಯ ಹೊಲಗಳಿಂದ ಶುರುಮಾಡಿ ಎನ್ನುವುದು ಸರಿ. ಮರದ ನೆರಳು ಬೆಳೆಯನ್ನು ಕುಗ್ಗಿಸುತ್ತದೆ, ಬೇರು ನೀರು ಕದಿಯುತ್ತದೆ ಎಂಬ ರೈತರ ದೂರೂ ಸುಳ್ಳಲ್ಲ. ನೀಲಗಿರಿ ಸಾಲಿನ ಪಕ್ಕದ ರಾಗಿ ಎಷ್ಟು ಸೊರಗುತ್ತದೆ ಎಂಬುದನ್ನು ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಲ್ಲಿಸಿದ್ದರ ಹಿಂದೆ ಅಂತರ್ಜಲದ ಆತಂಕವೇ ಇತ್ತು. ಇದು ಮರದ ಆಯ್ಕೆಯ, ಸವರುವ ಕೈಯ ಪ್ರಶ್ನೆ. ನೈಜರ್‌ನ ರೈತರು ಹೆಚ್ಚು ಇಷ್ಟಪಟ್ಟು ಉಳಿಸಿಕೊಂಡ ಗಾವೋ ಮರ ಮಳೆಗಾಲದಲ್ಲಿ ಎಲೆ ಉದುರಿಸಿ ಬೇಸಿಗೆಯಲ್ಲಿ ಚಿಗುರುತ್ತದೆ, ಬೆಳೆಗೆ ಬಿಸಿಲು ಬೇಕಾದಾಗ ನೆರಳೇ ಇರುವುದಿಲ್ಲ. ನಮ್ಮಲ್ಲಿ ಆ ಕೆಲಸವನ್ನು ಕುಡುಗೋಲು ಮಾಡಬೇಕು. ಬಿತ್ತನೆಯ ಹೊತ್ತಿಗೆ ಸವರಿದ ಮರ ನೆರಳನ್ನೂ ಕಳೆದುಕೊಳ್ಳುತ್ತದೆ, ಸೊಪ್ಪನ್ನೂ ಕೊಡುತ್ತದೆ.

ಇಷ್ಟೆಲ್ಲ ಮಾಡಿದರೆ ಭೂಮಿ ತಣ್ಣಗಾಗುತ್ತದೆಯೇ? ಇಲ್ಲಿ ಭರವಸೆಯ ಮಾತನ್ನು ಅಳೆದು ಆಡಬೇಕು. 2019ರಲ್ಲಿ ‘ಸೈನ್ಸ್’ ಪತ್ರಿಕೆಯ ಲೇಖನವೊಂದು ಜಗತ್ತಿನಲ್ಲಿ ಇನ್ನೂ 90 ಕೋಟಿ ಹೆಕ್ಟೇರ್ ಮರಹೊದಿಕೆಗೆ ಜಾಗವಿದೆ, ಅದು 20,500 ಕೋಟಿ ಟನ್ ಇಂಗಾಲ ಹಿಡಿದಿಡಬಲ್ಲುದು ಎಂದಾಗ ಗಿಡ ನೆಟ್ಟರೆ ಸಾಕೆಂಬ ಸಂಭ್ರಮ ಹುಟ್ಟಿತ್ತು. ಹುಲ್ಲುಗಾವಲುಗಳನ್ನು ಖಾಲಿ ಜಾಗವೆಂದು ಎಣಿಸಲಾಗಿದೆ, ಲೆಕ್ಕ ಅತಿಯಾಗಿದೆ ಎಂದು ಅನೇಕ ವಿಜ್ಞಾನಿಗಳು ಅದೇ ಪತ್ರಿಕೆಯಲ್ಲಿ ಉತ್ತರ ಬರೆದರು. ನಮ್ಮ ದೇಶದ ಲೆಕ್ಕವನ್ನೇ ನೋಡಿ. 2030ರ ಹೊತ್ತಿಗೆ ಅರಣ್ಯ ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಹೆಚ್ಚುವರಿಯಾಗಿ ಹೀರಿಸುವುದಾಗಿ ಭಾರತ 2015ರಲ್ಲಿ ಪ್ಯಾರಿಸ್ ಒಪ್ಪಂದದ ಹೊತ್ತಿಗೆ ಮಾತು ಕೊಟ್ಟಿತು. ದೇಶದ ಒಂದು ವರ್ಷದ ಹಸಿರುಮನೆ ಅನಿಲಗಳ ಹೊರಸೂಸುವಿಕೆ ಹೆಚ್ಚುಕಡಿಮೆ ಅಷ್ಟೇ ಇದೆ. ಒಂದೂವರೆ ದಶಕದ ಮರಬೆಳೆಸುವಿಕೆ ಒಂದು ವರ್ಷದ ಹೊಗೆಯನ್ನು ಹೀರುತ್ತದೆ. ಆದ್ದರಿಂದ ಕಲ್ಲಿದ್ದಲು, ಪೆಟ್ರೋಲ್ ಸುಡುವುದನ್ನು ಮುಂದುವರಿಸಲು ಸಸಿಗಳನ್ನು ನೆಪ ಮಾಡಿಕೊಳ್ಳುವವರ ಮಾತನ್ನು ನಂಬಬಾರದು. ಮಣ್ಣಿನ ಇಂಗಾಲಕ್ಕೂ ಮಿತಿಯಿದೆ: ನಮ್ಮ ಬಿಸಿಲಿಗೆ ಅದು ಬೇಗ ಉರಿದುಹೋಗುತ್ತದೆ, ಸೊಪ್ಪು ಹಾಕುವುದು ನಿಂತ ವರ್ಷವೇ ಇಳಿಯತೊಡಗುತ್ತದೆ. ಆದರೆ ಹವಾಮಾನ ಬದಲಾವಣೆಯ ಇನ್ನೊಂದು ಮುಖವೂ ಇದೆ, ಅದು ಈಗಾಗಲೇ ಹೊಲಕ್ಕೆ ಬಂದಿದೆ. ಮಳೆ ಒಂದೇ ದಿನ ಸುರಿದು ಮೂರು ವಾರ ಕೈಕೊಡುವ ಕಾಲದಲ್ಲಿ ಸಾವಯವ ಅಂಶವಿರುವ ಮಣ್ಣು ನೀರು ಹಿಡಿದಿಟ್ಟು ಪೈರನ್ನು ಒಂದಷ್ಟು ದಿನ ಹೆಚ್ಚು ಕಾಯುತ್ತದೆ, ಬದುವಿನ ಬೇರು ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ, ಬೆಳೆ ಹೋದ ವರ್ಷವೂ ಹುಣಸೆ ಹಣ್ಣು ಬಿಡುತ್ತದೆ. ತಾನು ಮಾಡದ ಹೊಗೆಗೆ ದಂಡ ತೆರುತ್ತಿರುವ ಒಣಭೂಮಿಯ ರೈತನಿಗೆ ಈ ರಕ್ಷಣೆ ಇಂಗಾಲದ ಟನ್‌ಗಳಿಗಿಂತ ದೊಡ್ಡದು.

ಎಲ್ಲಿ ನೆಡಬಾರದು ಎಂಬುದನ್ನೂ ಇಷ್ಟೇ ಖಚಿತವಾಗಿ ಹೇಳಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಹುಲ್ಲು ಕುರುಚಲಿನ ನೆಲ. ಅಲ್ಲಿಯೂ ನೀಲಗಿರಿ ನೆಟ್ಟರು, ಬಯಲನ್ನೇ ನಂಬಿದ್ದ ಎರೆಭೂತ ಹಕ್ಕಿ ಆ ಸೀಮೆಯಿಂದ ಕಾಣೆಯಾಯಿತು. ಹುಲ್ಲುಗಾವಲು ತನ್ನ ಇಂಗಾಲವನ್ನು ಬೇರಿನಲ್ಲಿ, ಮಣ್ಣಿನಲ್ಲಿ ಇಟ್ಟುಕೊಂಡಿದೆ. ಗುಂಡಿ ತೋಡಿ ಅದನ್ನು ಕದಡುವುದು ಲಾಭವಲ್ಲ. ಕುರಿಗಾರರಿಗೂ ಜಮೀನಿಲ್ಲದವರ ಮೇಕೆಗಳಿಗೂ ಅದೇ ಹುಲ್ಲುಗಾವಲು ಆಸರೆ. ಅವರನ್ನು ಸಸಿಗಳ ಶತ್ರುಗಳೆಂದು ಬೇಲಿಯಾಚೆ ಅಟ್ಟುವ ಯೋಜನೆ ಬಹುಕಾಲ ಬಾಳುವುದಿಲ್ಲ, ಬಾಳಬಾರದು ಕೂಡ. ಊರ ಗುಂಡುತೋಪು, ಕೆರೆಯ ಅಂಚು, ಹೊಲದ ಬದು ಇವೇ ಮೊದಲ ಜಾಗಗಳು. ಸಾಮುದಾಯಿಕ ನೆಲವಾದರೆ ಯಾವ ಗಿಡ ಎಂಬುದನ್ನು ಗ್ರಾಮಸಭೆ ತೀರ್ಮಾನಿಸಬೇಕು, ಆ ಸಭೆಯಲ್ಲಿ ಮೇಕೆ ಸಾಕುವ ಹೆಂಗಸರ ಮಾತಿಗೆ ಜಮೀನ್ದಾರರ ಮಾತಿನಷ್ಟೇ ತೂಕವಿರಬೇಕು. ಮೇವಿನ ಸೊಪ್ಪಿನಲ್ಲಿ ಅವರಿಗೆ ಪಾಲು ಬರೆದುಕೊಟ್ಟರೆ ಬೇಸಿಗೆಯಲ್ಲಿ ಗಿಡ ಕಾಯುವವರೂ ಅವರೇ ಆಗುತ್ತಾರೆ.

ಹಾಗಾದರೆ ಮುಂದಿನ ಜುಲೈಗೆ ಬದಲಿಸಬೇಕಾದದ್ದು ಏನು? ಸಾವಯವ ಗುಂಪುಗಳಿಗೆ ನೆರವು ಕೊಡುವ ಕೃಷಿ ಇಲಾಖೆ ಜೀವಾಮೃತದ ಡ್ರಮ್ಮಿನ ಜೊತೆ ಬದುವಿನ ಸೊಪ್ಪಿನ ಗಿಡಗಳಿಗೂ ಹಣ ಇಡಬೇಕು, ಅರಣ್ಯ ಇಲಾಖೆಯ ನರ್ಸರಿಗಳು ಸಿಲ್ವರ್ ಓಕ್, ತೇಗದಷ್ಟೇ ಸಂಖ್ಯೆಯಲ್ಲಿ ಹೊಂಗೆ, ಗೊಬ್ಬರದ ಗಿಡ ಬೆಳೆಸಬೇಕು. ಉಳಿದ ಗಿಡಕ್ಕೆ ಹಣ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ನಿಯಮವನ್ನು ಊರ ತೋಪುಗಳಿಗೂ ಸ್ವಸಹಾಯ ಸಂಘಗಳಿಗೂ ವಿಸ್ತರಿಸಬೇಕು. ಸ್ವಂತ ಬದುವಿನ ಮರ ಸವರಲು, ಮುಪ್ಪಾದಾಗ ಕಡಿದು ಮಾರಲು ರೈತ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ತಪ್ಪಿಸಬೇಕು. ಕಡಿಯಲು ಬಿಡುತ್ತಾರೆಂಬ ನಂಬಿಕೆಯಿದ್ದರೆ ಮಾತ್ರ ಅವನು ನೆಡುತ್ತಾನೆ. ಸಸಿ ನೆಡಲು ದೇಣಿಗೆ ಕೊಡುವ ಕಂಪನಿಗಳು ಹಣದ ಅರ್ಧ ಭಾಗವನ್ನು ಮೂರನೇ ಬೇಸಿಗೆ ಮುಗಿಯುವವರೆಗೆ ಕಾಯ್ದಿರಿಸಿ, ಆಗ ಬದುಕಿರುವ ಗಿಡಗಳನ್ನು ಊರಿನವರೇ ಎಣಿಸಿ ಪಂಚಾಯಿತಿಯ ಗೋಡೆಯ ಮೇಲೆ ಬರೆದ ಮೇಲೆ ಕೊಡಲಿ. ಅದೇ ಗೋಡೆಯ ಮೇಲೆ ಆ ವರ್ಷ ಊರಿಗೆ ಬಂದ ಯೂರಿಯಾ ಚೀಲಗಳ ಸಂಖ್ಯೆಯನ್ನೂ ಬರೆಯಲಿ.